ನೀರು ಹುಯ್ದು ಅನ್ನ ಇಳಿಸಬೇಡಿ

ಮಧ್ಯಾಹ್ನ ವಾರ್ಡಿಗೆ ಊಟದ ಗಾಡಿ ಬಂತೆಂದರೆ ನನ್ನ ಕಣ್ಣು ಲೋಟಗಳ ಮೇಲೇ ಇರುತ್ತದೆ. ಯಾರೋ ಒಬ್ಬರು ಅಜ್ಜನ ಬಾಯಿಗೆ ಅನ್ನ ಇಟ್ಟು, ಅದರ ಹಿಂದೆಯೇ ಲೋಟ ಎತ್ತಿರುತ್ತಾರೆ. "ನೀರು ಕುಡೀರಿ, ಇಳಿಯತ್ತೆ." ಶಿವಮೊಗ್ಗದಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ಈ ಮಾತು ಕೇಳುತ್ತಿದ್ದೇನೆ. ಇನ್ನೂ ಅಭ್ಯಾಸವಾಗಿಲ್ಲ.

ನಾನು ಮಾತು ಮತ್ತು ನುಂಗುವಿಕೆಯ ಥೆರಪಿಸ್ಟ್. ನುಂಗುವುದನ್ನು ಕಲಿಸಲಿಕ್ಕೂ ಒಬ್ಬರು ಬೇಕಾ ಅಂತ ಜನ ನಗುತ್ತಾರೆ. ಪಾರ್ಶ್ವವಾಯು ಕಂಡ ಮನೆಯವರು ನಗುವುದಿಲ್ಲ.

ಊಟದ ಹೊತ್ತಿಗೆ ವಯಸ್ಸಾದ ರೋಗಿಗಳ ಜೊತೆ ಕೂರಲು ಎನ್‌ಎಸ್‌ಎಸ್ ಮಕ್ಕಳು ಬರುತ್ತಾರೆ. ವರ್ಷಕ್ಕೆ 120 ಗಂಟೆ ಸೇವೆ ಅವರ ಲೆಕ್ಕ. ಒಳ್ಳೆಯ ಮಕ್ಕಳು. ಕೈ ತೊಳೆಯಿರಿ, ನರ್ಸನ್ನು ಕೇಳದೆ ಏನೂ ಕೊಡಬೇಡಿ ಎಂದೆಲ್ಲ ಅವರಿಗೆ ಹೇಳಬೇಕಿಲ್ಲ. ಆದರೆ ಲೋಟದ ವಿಷಯದಲ್ಲಿ ಅವರೂ ಮನೆಯವರ ಹಾಗೇ.

ಗಂಟಲಲ್ಲಿ ಎರಡು ಕೊಳವೆ. ಉಸಿರಿನದು ಮುಂದೆ, ಅನ್ನದ್ದು ಹಿಂದೆ. ನುಂಗುವ ಕ್ಷಣಕ್ಕೆ ಉಸಿರಿನ ಬಾಗಿಲು ಮುಚ್ಚಬೇಕು. ಪಾರ್ಶ್ವವಾಯು, ಪಾರ್ಕಿನ್ಸನ್ ಇದ್ದವರಲ್ಲಿ ಅದು ಮುಚ್ಚುವುದು ತಡವಾಗಬಹುದು. ಮೆತ್ತಗಿನ ಅನ್ನದ ತುತ್ತು ನಿಧಾನಕ್ಕೆ ಜಾರುತ್ತದೆ, ಬಾಗಿಲಿಗೆ ಸಮಯ ಸಿಗುತ್ತದೆ. ನೀರು ಎಲ್ಲಿ ಕಾಯುತ್ತದೆ? ಆಗುಂಬೆ ಘಾಟಿಯ ಮಳೆನೀರಿನ ಹಾಗೆ ಸಿಕ್ಕ ಕಡೆ ಇಳಿಯುತ್ತದೆ. ಬಾಯಲ್ಲಿ ಅನ್ನ ಇರುವಾಗಲೇ ನೀರು ಹುಯ್ದರೆ ಗಟ್ಟಿಯನ್ನೂ ತೆಳುವನ್ನೂ ಒಟ್ಟಿಗೆ ಸಂಭಾಳಿಸಬೇಕು. ದುರ್ಬಲ ಗಂಟಲಿಗೆ ಅದು ಬಹಳ ಕಷ್ಟ. ನಮ್ಮ ಗಂಜಿಯೂ ಹಾಗೇ. ನೋಡಲು ಸಾಧು, ಆದರೆ ಅಗುಳು ಬಾಯಲ್ಲೇ ಉಳಿದು ತಿಳಿ ಮುಂದೆ ಓಡುತ್ತದೆ.

"ಕೆಮ್ಮೇ ಬರಲಿಲ್ಲವಲ್ಲ ಮೇಡಂ" ಅನ್ನುತ್ತಾರೆ. ನನಗೆ ಜಾಸ್ತಿ ಭಯ ಆಗುವುದೇ ಅಲ್ಲಿ. ಕೆಲವರ ಗಂಟಲಿಗೆ ಸ್ಪರ್ಶವೇ ಮಂದವಾಗಿರುತ್ತದೆ. ನೀರು ಸದ್ದಿಲ್ಲದೆ ಶ್ವಾಸಕೋಶ ಸೇರುತ್ತದೆ. ಆಮೇಲೆ ಜ್ವರ, ನ್ಯುಮೋನಿಯಾ. ತುತ್ತಿನ ನಂತರ ದನಿ ಗೊರಗೊರ ಅಂದರೆ ಅಲ್ಲಿಗೇ ನಿಲ್ಲಿಸಿ, ನರ್ಸನ್ನು ಕರೆಯಿರಿ.

ಹಾಗಂತ ನೀರೇ ಬೇಡ ಅಂದೆನಾ? ಇಲ್ಲ. ಒಬ್ಬ ಮಗರಾಯ ನನ್ನ ಮಾತು ಹಾಗೆ ತಿಳಿದು ಅಪ್ಪನಿಗೆ ಇಡೀ ದಿನ ನೀರು ಕೊಟ್ಟಿರಲಿಲ್ಲ! ಮಲಗಿದವರನ್ನು ನೆಟ್ಟಗೆ ಕೂರಿಸಿ. ಚಿಕ್ಕ ತುತ್ತು ಕೊಡಿ. ಗಂಟಲ ಗಂಟು ಮೇಲೆ ಹೋಗಿ ಕೆಳಗಿಳಿಯುವುದನ್ನು ನೋಡಿ. ಬಾಯಿ ಖಾಲಿ ಆಯಿತಾ? ಈಗ ಒಂದು ಗುಟುಕು ನೀರು. ಮತ್ತೆ ನೋಡಿ. ಊಟ ಆದ ಮೇಲೂ ಅರ್ಧ ಗಂಟೆ ಕೂತೇ ಇರಲಿ. ಕೆಲವರಿಗೆ ನೀರನ್ನೂ ಮಂದ ಮಾಡಿ ಕೊಡಬೇಕಾಗುತ್ತದೆ. ಅದನ್ನು ರೋಗಿಯನ್ನು ಪರೀಕ್ಷಿಸಿದವರೇ ಹೇಳಬೇಕು. ಈ ಅಂಕಣ ಓದಿ ಸುಮ್ನೆ ಶುರು ಮಾಡಬೇಡಿ.

ಬಾಯಿ ಖಾಲಿ ಅಂದೆನಲ್ಲ, ಮಲೆನಾಡಲ್ಲಿ ಅದೂ ಸುಲಭವಲ್ಲ. ತೀರ್ಥಹಳ್ಳಿ ಕಡೆಯ ಅಜ್ಜ ಒಬ್ಬರು ಊಟಕ್ಕೆ ಕೂತು ಕೆಮ್ಮುತ್ತಲೇ ಇದ್ದರು. ಟಾರ್ಚ್ ಹಾಕಿ ನೋಡಿದರೆ ದವಡೆ ಸಂದಿಯಲ್ಲಿ ಬೆಳಗಿನ ಅಡಿಕೆ ಹೋಳು. "ಅದು ಊಟ ಅಲ್ವಲ್ಲ" ಅಂತ ನನಗೇ ಸಮಾಧಾನ ಹೇಳಿದರು. ವರ್ಷಗಟ್ಟಲೆ ಅಡಿಕೆ ಜಗಿದ ಕೆಲವರಿಗೆ ಬಾಯಿ ಎರಡು ಬೆರಳಗಲವೂ ತೆರೆಯುವುದಿಲ್ಲ. ಅಂಥವರಿಗೆ ದೊಡ್ಡ ಚಮಚ ತುರುಕಿದರೆ ಹಿಂಸೆ.

ತುತ್ತಿನ ನಡುವೆ ಹೀಗೆ ಕಾಯುವುದು ಹುಡುಗರಿಗೆ ಬೇಜಾರು. ಆದರೆ ಕಳೆದ ಮಳೆಗಾಲ ಒಬ್ಬ ಹುಡುಗಿ ಹಾಗೆ ಕಾಯುತ್ತ ಕೂತಾಗ, ನಾವ್ಯಾರೂ ಗಮನಿಸದ್ದು ಅವಳಿಗೆ ಕಂಡಿತು. ಎಡಗೈ ಸ್ವಾಧೀನ ತಪ್ಪಿದ ಹೊಸನಗರದ ಅಜ್ಜಿ ಬಲಗೈಯಿಂದ ತಾವೇ ಉಣ್ಣುತ್ತಿದ್ದರು. ದಿನಾ ತಟ್ಟೆಯ ಬಲಭಾಗ ಖಾಲಿ, ಎಡಭಾಗ ಮುಟ್ಟಿದ್ದೇ ಇಲ್ಲ. ಹಸಿವಿಲ್ಲ ಅಂತ ಎಲ್ಲರೂ ಬರೆದುಕೊಂಡಿದ್ದೆವು, ನಾನೂ ಸೇರಿ. ಪಾರ್ಶ್ವವಾಯುವಿನ ನಂತರ ಕೆಲವರಿಗೆ ಒಂದು ಬದಿ ಗಮನಕ್ಕೇ ಬರುವುದಿಲ್ಲ. ಹುಡುಗಿ ಮಾತಾಡದೆ ತಟ್ಟೆ ತಿರುಗಿಸಿದಳು.

ಅಜ್ಜಿ ಕಣ್ಣರಳಿಸಿ ನೋಡಿದರು. ಆಮೇಲೆ ಅವಳನ್ನು ಗದರಿದರು. "ಪಲ್ಯ ಇದೆ ಅಂತ ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?"