ಚಿನ್ನ ನಿಲ್ಲಬೇಕು, ಮರಳು ಹೋಗಬೇಕು

ಚಿತ್ರದುರ್ಗದ ಕಡೆ ಜೋರು ಮಳೆ ಬಂದು ನಿಂತ ಮೇಲೆ ಮಣ್ಣುದಾರಿಯ ಅಂಚಿನಲ್ಲಿ ಕಪ್ಪು ಮರಳಿನ ಗೆರೆಗಳು ಕಾಣುತ್ತವೆ. ಅಯಸ್ಕಾಂತ ಹಿಡಿದರೆ ಮೀಸೆಯಂತೆ ಅಂಟಿಕೊಳ್ಳುವ ಕಾಳುಗಳು ಮ್ಯಾಗ್ನೆಟೈಟ್, ಅಂದರೆ ಕಬ್ಬಿಣದ ಅದಿರು. ಹಗುರ ಮರಳನ್ನು ನೀರು ಹೊತ್ತೊಯ್ದಿದೆ, ಭಾರದ್ದನ್ನು ಅಲ್ಲೇ ಬಿಟ್ಟಿದೆ. ಹೊಳೆಯ ಮರಳಿನಿಂದ ಚಿನ್ನ ಹಿಡಿಯುವ ಸ್ಲೂಸ್ ಬಾಕ್ಸ್ ಮಾಡುವುದೂ ಇದನ್ನೇ.

ಎರಡೂ ತುದಿ ತೆರೆದ ಉದ್ದನೆಯ ಪೆಟ್ಟಿಗೆ ಅದು. ತಳದಲ್ಲಿ ಒರಟು ಚಾಪೆ, ಮೇಲೆ ಅಡ್ಡಪಟ್ಟಿಗಳು. ನೀರು ಪಟ್ಟಿಯನ್ನು ದಾಟಿದ ಕೂಡಲೇ ಅದರ ಬೆನ್ನಿಗೆ ಪುಟ್ಟ ಸುಳಿ ಏಳುತ್ತದೆ. ಮರಳು ಕುಣಿದು ಮೇಲೆದ್ದು ಹೋಗುತ್ತದೆ, ಚಿನ್ನ ಚಾಪೆಗೆ ಇಳಿಯುತ್ತದೆ.

ನೀರೇ ಯಾಕೆ ಬೇಕು? ಬಿಳಿ ಮರಳು ಹೆಚ್ಚಾಗಿ ಬೆಣಚುಕಲ್ಲು. ಅದರ ಸಾಂದ್ರತೆ 2.65, ಚಿನ್ನದ್ದು 19.3. ಒಂದೇ ಗಾತ್ರದ ಕಾಳುಗಳನ್ನು ಗಾಳಿಯಲ್ಲಿ ತೂಗಿದರೆ ಚಿನ್ನ 7 ಪಟ್ಟು ಭಾರ. ನೀರಿನಲ್ಲಿ ಮುಳುಗಿಸಿದರೆ ಎರಡರಿಂದಲೂ ನೀರಿನ ಸಾಂದ್ರತೆಯಾದ 1 ಕಳೆಯಬೇಕು. ಉಳಿಯುವುದು 1.65 ಮತ್ತು 18.3. ಈಗ ಚಿನ್ನ 11 ಪಟ್ಟು ಭಾರ! ಆದರೆ ಮ್ಯಾಗ್ನೆಟೈಟ್ ನೀರಿನಲ್ಲೂ 4.2 ಉಳಿಸಿಕೊಳ್ಳುತ್ತದೆ. ಹಾಗಾಗಿ ನಿಜವಾದ ತಲೆನೋವು ಬಿಳಿ ಮರಳಲ್ಲ, ಕಪ್ಪು ಮರಳು. ಅದು ಪಟ್ಟಿಯ ಹಿಂದೆ ಗಟ್ಟಿಯಾಗಿ ಕೂತರೆ ಸುಳಿ ಸಾಯುತ್ತದೆ. ಆಮೇಲೆ ಬಂದ ಚಿನ್ನ ಅದರ ಮೇಲೇ ಜಾರಿಕೊಂಡು ಹೊರಗೆ.

ಆದ್ದರಿಂದ ಮೊದಲು ನೋಡಬೇಕಾದ್ದು ಇಳಿಜಾರು. ಅಡಿಗೆ ಒಂದು ಇಂಚಿನಂತೆ ಶುರು ಮಾಡುವುದು ವಾಡಿಕೆ. ಆಮೇಲೆ ಅಳತೆಪಟ್ಟಿ ಬದಿಗಿಟ್ಟು ಕಣ್ಣಿಂದ ನೋಡಿ. ಪಟ್ಟಿಯ ಹಿಂದೆ ಅರ್ಧ ಜಾಗದಲ್ಲಿ ಮರಳು ನಿಂತಿದ್ದು, ಇನ್ನರ್ಧದಲ್ಲಿ ಕುಣಿಯುತ್ತಿದ್ದರೆ ಸರಿ. ಪೂರ್ತಿ ಮುಚ್ಚಿಹೋಗಿದ್ದರೆ ಇಳಿಜಾರು ಹೆಚ್ಚಿಸಿ, ಬರಿದಾಗಿದ್ದರೆ ತಗ್ಗಿಸಿ. ಪೆಟ್ಟಿಗೆ ಒಂದು ಮಗ್ಗುಲಿಗೆ ವಾಲಿರಬಾರದು. ಸಲಿಕೆಗಟ್ಟಲೆ ಮಣ್ಣು ಒಮ್ಮೆಗೇ ಸುರಿದರೆ ಎಂಥ ಇಳಿಜಾರೂ ಕೆಲಸಕ್ಕೆ ಬರುವುದಿಲ್ಲ. ಜರಡಿ ಹಿಡಿದು ಸ್ವಲ್ಪ ಸ್ವಲ್ಪವೇ ಹಾಕಬೇಕು. ದೊಡ್ಡ ಕಲ್ಲನ್ನು ಉರುಳಿಸುವಷ್ಟು ನೀರು ಬಿಟ್ಟರೆ ಸಣ್ಣ ಚಿನ್ನ ಉಳಿಯುವುದಿಲ್ಲ, ಅಲ್ವಾ?

ಇದೇನೂ ಹೊರಗಿನವರ ವಿದ್ಯೆಯಲ್ಲ. ಚಿತ್ರದುರ್ಗದ ಶಿಲಾಪಟ್ಟಿ, ಅಂದರೆ ಹಳೆಯ ಬಂಡೆಗಳ ಉದ್ದನೆಯ ಸಾಲು, ಗದಗದವರೆಗೂ ಚಾಚಿದೆ. ಅಲ್ಲಿನ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರೆಂಬ ಜನ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು 19ನೇ ಶತಮಾನದಲ್ಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ದಾಖಲಿಸಿದ್ದರು. ದಾವಣಗೆರೆ ಜಿಲ್ಲೆಯ ಹೊನ್ನಾಳಿ ಸುತ್ತ ಗಣಿಗಾರಿಕೆಯೂ ನಡೆದಿತ್ತು. ಹಾಗಂತ ನಾಳೆಯೇ ಗುದ್ದಲಿ ಹೊತ್ತು ಹಳ್ಳಕ್ಕೆ ಹೊರಡಬೇಡಿ. ಪರವಾನಗಿ ಇಲ್ಲದೆ ಚಿನ್ನ ಅಗೆಯುವುದಕ್ಕೆ 1957ರ ಗಣಿ ಮತ್ತು ಖನಿಜ ಕಾಯ್ದೆ ಒಪ್ಪುವುದಿಲ್ಲ.

ಕುತೂಹಲ ಇದ್ದವರಿಗೆ ಹಿತ್ತಲು ಸಾಕು. ಮೀನಿನ ಗಾಳಕ್ಕೆ ಕಟ್ಟುವ ಸಣ್ಣ ಸೀಸದ ಗುಂಡುಗಳನ್ನು ಎಣಿಸಿಕೊಂಡು, ಸುತ್ತಿಗೆಯಿಂದ ಚಪ್ಪಟೆ ಮಾಡಿ. ಹೊಳೆಯ ಚಿನ್ನವೂ ಹೆಚ್ಚಾಗಿ ಹಾಗೆ ಚಪ್ಪಟೆಯೇ. ಮರಳಿಗೆ ಬೆರೆಸಿ ಪೆಟ್ಟಿಗೆಗೆ ಹಾಕಿ, ಹೊರಬೀಳುವುದನ್ನೆಲ್ಲ ಬಕೆಟ್ಟಿನಲ್ಲಿ ಹಿಡಿಯಿರಿ. ಸೀಸದ ಸಾಂದ್ರತೆ 11.3 ಮಾತ್ರ. ಅದು ಮೊದಲ ಕೆಲವು ಪಟ್ಟಿಗಳಲ್ಲೇ ನಿಂತರೆ ಅದೇ ಗಾತ್ರದ ಚಿನ್ನ ಖಂಡಿತ ನಿಲ್ಲುತ್ತದೆ. ಕೊನೆಯ ಪಟ್ಟಿಯವರೆಗೂ ಹೋಗಿದ್ದರೆ ನೀರಿನ ಓಟ ಜಾಸ್ತಿಯಾಗಿದೆ. ಮೇಲಿನ ತುದಿಯನ್ನು ಸ್ವಲ್ಪ ಇಳಿಸಿ ಮತ್ತೆ ಹಾಕಿ ನೋಡಿ. ಆಟ ಮುಗಿದ ಮೇಲೆ ಗುಂಡುಗಳನ್ನು ಎಣಿಸಿ ಎತ್ತಿಡಿ, ಕೈ ಸೋಪು ಹಾಕಿ ತೊಳೆಯಿರಿ. ಸೀಸ ವಿಷ.