ಭತ್ತ ಇಂಡಿಕಾವೋ ಜಪೋನಿಕಾವೋ: ಒಂದೇ ಬ್ಯಾಂಡ್ ನೋಡಿ ತೀರ್ಮಾನಿಸಬೇಡಿ

ಕಾಳು ಉದ್ದಕ್ಕೆ ಸಪೂರವಾಗಿದ್ದರೆ ಇಂಡಿಕಾ, ಗಿಡ್ಡಕ್ಕೆ ದುಂಡಗಿದ್ದರೆ ಜಪೋನಿಕಾ ಎಂಬ ಲೆಕ್ಕಾಚಾರ ಬಾಸ್ಮತಿಯಲ್ಲೇ ತಪ್ಪುತ್ತದೆ. ಅಷ್ಟು ನೀಳ ಕಾಳಿದ್ದರೂ ಬಾಸ್ಮತಿ ಗುಂಪು ವಂಶವಾಹಿಗಳಲ್ಲಿ ಜಪೋನಿಕಾಕ್ಕೇ ಹತ್ತಿರ. ಅಮೆರಿಕದ ಉದ್ದಕಾಳಿನ ತಳಿಗಳೂ ಹೆಚ್ಚಾಗಿ ಉಷ್ಣವಲಯದ ಜಪೋನಿಕಾಗಳೇ. ಭತ್ತದ ಉಪಪ್ರಭೇದಗಳಾದ ಇಂಡಿಕಾ, ಜಪೋನಿಕಾಗಳನ್ನು ಅಡ್ಡ ಹಾಯಿಸಿದಾಗ ಮೊದಲ ಪೀಳಿಗೆಯ ತೆನೆಯಲ್ಲಿ ಸಾಮಾನ್ಯವಾಗಿ ಜೊಳ್ಳು ಹೆಚ್ಚು. ಹಾಗಾಗಿ ಜೋಡಿ ಆರಿಸುವ ಮುನ್ನವೇ ಡಿಎನ್‌ಎ ಪರೀಕ್ಷೆ ಆಗಿರಬೇಕು.

ಹದಿನೈದು ದಿನದ ಸಸಿಯ ಎಳೆ ಎಲೆ 100 ಮಿಲಿಗ್ರಾಂ ಸಾಕು. ಅರೆದು, ಶೇ. 2ರ ಸಿಟಿಎಬಿ (ಜೀವಕೋಶ ಒಡೆಯುವ ಮಾರ್ಜಕ) ದ್ರಾವಣದಲ್ಲಿ 65 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಕ್ಲೋರೋಫಾರ್ಮ್–ಐಸೋಅಮೈಲ್ ಆಲ್ಕೋಹಾಲ್ (24:1) ಹಾಕಿ ಬೇರ್ಪಡಿಸಿ, ಐಸೋಪ್ರೊಪನಾಲ್‌ನಲ್ಲಿ ಡಿಎನ್‌ಎ ಇಳಿಸಬೇಕು. ಬಲಿತ ಎಲೆಯಾದರೆ ಅಂಟು ಪದಾರ್ಥವೂ ಜೊತೆಗೇ ಇಳಿದು, ಬೇಕಾದ ಡಿಎನ್‌ಎ ತುಣುಕನ್ನು ಲಕ್ಷಾಂತರ ಪ್ರತಿ ಮಾಡುವ ಪಿಸಿಆರ್ ನಿಂತುಬಿಡುತ್ತದೆ. ಆಗ ಮಾದರಿಯನ್ನು ಹತ್ತು ಪಟ್ಟು ತೆಳು ಮಾಡಿ ಮತ್ತೆ ಓಡಿಸಿ ನೋಡಿ.

ಹಳೆಯ, ಸುಲಭದ ಗುರುತೆಂದರೆ ಕ್ಲೋರೋಪ್ಲಾಸ್ಟ್‌ನ (ಎಲೆಯ ಹಸಿರು ಕಣದ) ಡಿಎನ್‌ಎಯಲ್ಲಿರುವ ಓಆರ್‌ಎಫ್ 100 ಎಂಬ ಭಾಗ. ಬಹುಪಾಲು ಇಂಡಿಕಾಗಳಲ್ಲಿ ಇಲ್ಲಿ 69 ಬೇಸ್ ಜೋಡಿ ಬಿಟ್ಟುಹೋಗಿವೆ, ಜಪೋನಿಕಾದಲ್ಲಿ ಉಳಿದಿವೆ. ಡಿಎನ್‌ಎ ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸಿ ಪಟ್ಟೆಗಳಾಗಿ (ಬ್ಯಾಂಡ್) ತೋರಿಸುವ ಶೇ. 3ರ ಅಗರೋಸ್ ಜೆಲ್‌ನಲ್ಲಿ ಇಷ್ಟು ಅಂತರ ಚೆನ್ನಾಗಿ ಕಾಣುತ್ತದೆ. ಆದರೆ ಕ್ಲೋರೋಪ್ಲಾಸ್ಟ್ ಬರುವುದು ತಾಯಿಗಿಡದಿಂದ ಮಾತ್ರ. ಜಪೋನಿಕಾ ತಾಯಿಗೆ ಇಂಡಿಕಾ ಪರಾಗ ಹಾಕಿ, ಮತ್ತೆ ಮತ್ತೆ ಇಂಡಿಕಾಕ್ಕೇ ಹಾಯಿಸಿದ ಸಾಲಿನಲ್ಲೂ ಈ ಗುರುತು ‘ಜಪೋನಿಕಾ’ ಎಂದೇ ಹೇಳುತ್ತದೆ. ಇದೊಂದನ್ನೇ ನಂಬಿ ವರದಿ ಬರೆಯುವುದು ಖಂಡಿತ ತಪ್ಪು.

ಆದ್ದರಿಂದ 12 ವರ್ಣತಂತುಗಳಲ್ಲೂ ಹರಡಿರುವ ಮೂವತ್ತರಷ್ಟು ಇನ್‌ಡೆಲ್ ಮಾರ್ಕರ್‌ಗಳನ್ನು (ಕೆಲವು ಬೇಸ್‌ಗಳು ಸೇರಿರುವ ಇಲ್ಲವೇ ಬಿಟ್ಟುಹೋಗಿರುವ ಗುರುತುಗಳನ್ನು) ಬಳಸಿ. ಪ್ರತಿ ಜೆಲ್‌ನಲ್ಲೂ ಜಪೋನಿಕಾ ತಳಿ ನಿಪ್ಪೊನ್‌ಬಾರೆ, ಇಂಡಿಕಾ ತಳಿ ಐಆರ್ 64, ಇವೆರಡರ ಡಿಎನ್‌ಎ ಸಮನಾಗಿ ಬೆರೆಸಿದ ಮಾದರಿ, ಡಿಎನ್‌ಎ ಇಲ್ಲದ ನೀರು, ಈ ನಾಲ್ಕೂ ಇರಲೇಬೇಕು. ಮಿಶ್ರ ಮಾದರಿ ಯಾಕೆಂದರೆ, ಎರಡೂ ರೂಪ ಇರುವ ಗಿಡದಲ್ಲಿ ಎರಡು ಬ್ಯಾಂಡ್‌ಗಳ ಮೇಲೆ, ನಿಧಾನವಾಗಿ ಓಡುವ ಮೂರನೆಯದೊಂದು ಮೂಡಬಹುದು. ಅದು ಹೊಸ ರೂಪವಲ್ಲ. ಉದ್ದದ ಎಳೆ ಗಿಡ್ಡ ಎಳೆಗೆ ಜೋಡಿಯಾಗಿ ನಡುವೆ ಉಬ್ಬಿದ್ದರಿಂದ ತಡವಾಗಿ ಓಡಿದ ಡಿಎನ್‌ಎ. ಪಾಲಿಅಕ್ರಿಲಮೈಡ್ ಜೆಲ್‌ನಲ್ಲಿ ಇದು ಹೆಚ್ಚು.

ಲೆಕ್ಕ ಸರಳ: ಒಂದು ಮಾರ್ಕರ್‌ನ ಎರಡೂ ಪ್ರತಿ ಇಂಡಿಕಾ ರೂಪದ್ದಾಗಿದ್ದರೆ 2, ಒಂದೇ ಆಗಿದ್ದರೆ 1, ಇಲ್ಲದಿದ್ದರೆ 0; ಒಟ್ಟನ್ನು ಮಾರ್ಕರ್ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ. 30ರಲ್ಲಿ 24 ಪೂರ್ತಿ ಇಂಡಿಕಾ, 2 ಮಿಶ್ರ, 4 ಜಪೋನಿಕಾ ಎಂದಾದರೆ 50/60, ಅಂದರೆ 0.83. ಇದನ್ನು ಧೈರ್ಯವಾಗಿ ಇಂಡಿಕಾ ಎನ್ನಬಹುದು. 0.5ರ ಆಸುಪಾಸು ಬಂದರೆ ‘ಮಧ್ಯಂತರ’ ಎಂದೇ ಬರೆಯಿರಿ.

ನಾಟಿ ತಳಿಗಳಲ್ಲಿ ಹತ್ತು ಗಿಡಗಳ ಎಲೆಯನ್ನು ಒಟ್ಟಿಗೆ ಅರೆಯಬೇಡಿ. ಬೆರಕೆ ಬೀಜವಿದ್ದರೆ ಅದು ಜೆಲ್‌ನಲ್ಲಿ ಥೇಟ್ ಅಡ್ಡತಳಿಯಂತೆಯೇ ಕಾಣುತ್ತದೆ. ಒಂದೊಂದು ಗಿಡಕ್ಕೂ ಒಂದೊಂದು ಟ್ಯೂಬ್ ಇಡಿ.