ಚಳಿ ಕಮ್ಮಿಯಾದರೆ ದುಡ್ಡು: ವೆದರ್ ಡೆರಿವೇಟಿವ್ ಬಂದ ದಾರಿ

ಬಿರುಗಾಳಿಗೆ ಕಾರ್ಖಾನೆಯ ಸೂರು ಹಾರಿಹೋದರೆ ಅದಕ್ಕೆ ವಿಮೆ ಇದೆ. ಆದರೆ ಚಳಿಗಾಲದಲ್ಲಿ ಚಳಿಯೇ ಬೀಳದೆ ಗ್ಯಾಸ್ ಕಂಪನಿಯ ಮಾರಾಟ ಕುಸಿದರೆ? ಅಲ್ಲಿ ಏನೂ ಮುರಿದಿಲ್ಲ, ಏನೂ ಮುಳುಗಿಲ್ಲ, ವಿಮೆಯವರಿಗೆ ತೋರಿಸಲು ಹಾನಿಯೇ ಇಲ್ಲ. ಆ ನಷ್ಟಕ್ಕೆಂದು ಹುಟ್ಟಿದ್ದೇ ವೆದರ್ ಡೆರಿವೇಟಿವ್, ಅಂದರೆ ತಾಪಮಾನ, ಮಳೆಯಂಥ ಹವಾಮಾನದ ಅಂಕಿ ನೋಡಿ ದುಡ್ಡು ಕೊಡುವ ಒಪ್ಪಂದ. ಈಗ ಅದನ್ನು ಕೆಲವರು ವಿಮೆ ಅಂತಾರೆ, ಕೆಲವರು ಜೂಜು ಅಂತಾರೆ, ಇನ್ನು ಕೆಲವರು ಹವಾಮಾನ ಬದಲಾವಣೆಗೇ ಮದ್ದು ಅಂತಾರೆ.

ಅಮೆರಿಕದಲ್ಲಿ ವಿದ್ಯುತ್, ಗ್ಯಾಸ್ ದರಗಳು ಪೂರ್ತಿ ಸರ್ಕಾರಿ ನಿಯಂತ್ರಣದಲ್ಲಿದ್ದ ದಶಕಗಳಲ್ಲಿ ಕಂಪನಿಗಳಿಗೆ ಈ ಚಿಂತೆ ಅಷ್ಟಾಗಿ ಇರಲಿಲ್ಲ. 1990ರ ದಶಕದಲ್ಲಿ ಮಾರುಕಟ್ಟೆ ತೆರೆಯಿತು, ಪೈಪೋಟಿ ಬಂತು. 1997ರಲ್ಲಿ ಎನ್ರಾನ್ ಮತ್ತು ಕೋಕ್ (Koch) ಎಂಬ ಇಂಧನ ಕಂಪನಿಗಳು ಮಿಲ್ವಾಕಿ ನಗರದ ಚಳಿಗಾಲದ ತಾಪಮಾನದ ಮೇಲೆ ಒಪ್ಪಂದ ಮಾಡಿಕೊಂಡವು. ಆ ವರ್ಷ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಹವಾಮಾನ ಏರುಪೇರಾಗುವುದು) ಬಹಳ ಜೋರಾಗಿತ್ತು, ಚಳಿಗಾಲ ಬೆಚ್ಚಗಿರುತ್ತದೆ ಎಂಬ ಭಯಕ್ಕೆ ಇನ್ನಷ್ಟು ಕಂಪನಿಗಳು ಈ ಕಡೆ ತಿರುಗಿದವು. 1999ರಲ್ಲಿ ಷಿಕಾಗೊ ಮರ್ಕಂಟೈಲ್ ಎಕ್ಸ್‌ಚೇಂಜ್ ಎಂಬ ವಾಯಿದಾ ಪೇಟೆಯಲ್ಲಿ ಇವುಗಳ ವಹಿವಾಟು ಶುರುವಾಯಿತು.

ಲೆಕ್ಕ ಹೀಗಿದೆ. ದಿನದ ಸರಾಸರಿ ತಾಪಮಾನ 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಎಷ್ಟು ಕೆಳಗಿದೆಯೋ ಅಷ್ಟು 'ಹೀಟಿಂಗ್ ಡಿಗ್ರಿ ಡೇ'. 50 ಡಿಗ್ರಿ ಇದ್ದರೆ 15. ಇದನ್ನು ಚಳಿಗಾಲವಿಡೀ ಕೂಡಿಸುತ್ತಾ ಹೋಗಬೇಕು. ಒಟ್ಟು 4,000ಕ್ಕಿಂತ ಕಮ್ಮಿಯಾದರೆ ಕಮ್ಮಿಯಾದ ಪ್ರತಿ ಒಂದಕ್ಕೆ ಒಪ್ಪಂದ ಮಾರಿದವರು 5,000 ಡಾಲರ್ ಕೊಡಬೇಕು ಅಂತ ಒಪ್ಪಂದವಿದೆ ಅಂದುಕೊಳ್ಳಿ. 3,800ಕ್ಕೆ ನಿಂತರೆ ಗ್ಯಾಸ್ ಕಂಪನಿಗೆ 10 ಲಕ್ಷ ಡಾಲರ್ ಬರುತ್ತದೆ. ಅದಕ್ಕಾಗಿ ಕಂಪನಿ ಮೊದಲೇ ಪ್ರೀಮಿಯಂ ಕಟ್ಟಿರುತ್ತದೆ. ನಷ್ಟ ಆಯಿತಾ, ಎಷ್ಟಾಯಿತು ಅಂತ ಯಾರೂ ಕೇಳುವುದಿಲ್ಲ, ಹವಾಮಾನ ಕೇಂದ್ರದ ಅಂಕಿಯೊಂದೇ ಸಾಕು.

ತೊಡಕಿರುವುದೂ ಅಲ್ಲೇ. ಗ್ರಾಹಕರು ಒಂದು ಕಡೆ, ತಾಪಮಾನ ಅಳೆಯುವ ಕೇಂದ್ರ ಇನ್ನೊಂದು ಕಡೆ. ಕೇಂದ್ರದಲ್ಲಿ ಚಳಿ ಎಂದಿನಂತೆ ಇದ್ದು ಗ್ರಾಹಕರ ಊರು ಬೆಚ್ಚಗಿದ್ದರೆ ನಷ್ಟವೂ ಆಯಿತು, ದುಡ್ಡೂ ಬರಲಿಲ್ಲ. ಇದಕ್ಕೆ ಬೇಸಿಸ್ ರಿಸ್ಕ್ ಅಂತಾರೆ. ಮಾರುವವರು ಇದನ್ನು ಸಣ್ಣ ವಿಷಯದಂತೆ ದಾಟಿಸಿಬಿಡುತ್ತಾರೆ, ಅದು ಸರಿಯಲ್ಲ.

2001ರಲ್ಲಿ ಎನ್ರಾನ್ ದಿವಾಳಿಯಾಯಿತು, ಆದರೆ ಈ ವ್ಯವಹಾರ ನಿಲ್ಲಲಿಲ್ಲ. 2006ರಲ್ಲಿ ವಿಶ್ವ ಆಹಾರ ಕಾರ್ಯಕ್ರಮವು ಇಥಿಯೋಪಿಯಾದ ಬರಗಾಲಕ್ಕೆಂದು ಮಳೆಯ ಮೇಲೆ ಇಂಥದ್ದೇ ಒಪ್ಪಂದ ಕೊಂಡಿತು. 2013ರಲ್ಲಿ ಉರುಗ್ವೆಯ ಸರ್ಕಾರಿ ವಿದ್ಯುತ್ ಕಂಪನಿ ವಿಶ್ವಬ್ಯಾಂಕಿನ ಮೂಲಕ 45 ಕೋಟಿ ಡಾಲರ್‌ವರೆಗಿನ ರಕ್ಷಣೆ ಪಡೆಯಿತು. ಮಳೆ ಕೈಕೊಟ್ಟರೆ ಜಲವಿದ್ಯುತ್ ನಿಂತು ದುಬಾರಿ ತೈಲ ಸುಡಬೇಕಾಗುತ್ತಿತ್ತು. ಹಾಗಾಗಿ ಮಳೆಯ ಜೊತೆ ತೈಲದ ಬೆಲೆಯನ್ನೂ ಒಪ್ಪಂದಕ್ಕೆ ಸೇರಿಸಿದರು. ನನಗೆ ಇದು ತುಂಬಾ ಜಾಣತನದ ಬಳಕೆ ಅನ್ನಿಸುತ್ತದೆ.

ಇತ್ತೀಚೆಗೆ ಬಹಳಷ್ಟು ಕಂಪನಿಗಳು ಇದನ್ನು 'ಹವಾಮಾನ ಬದಲಾವಣೆಯ ಅಪಾಯ ನಿರ್ವಹಣೆ' ಅಂತ ತೋರಿಸುತ್ತಿವೆ. ಇಲ್ಲಿ ಎಚ್ಚರ ಬೇಕು. ಒಂದು ವರ್ಷ ಚಳಿ, ಒಂದು ವರ್ಷ ಸೆಕೆ ಎನ್ನುವ ಏರಿಳಿತಕ್ಕೆ ಇದು ಒಳ್ಳೆಯ ಆಸರೆ. ಆದರೆ ಚಳಿಗಾಲಗಳು ವರ್ಷದಿಂದ ವರ್ಷಕ್ಕೆ ಬೆಚ್ಚಗಾಗುತ್ತಲೇ ಹೋದರೆ, ಮಾರುವವರು ಹಳೆಯ 30 ವರ್ಷಗಳ ಸರಾಸರಿ ನಂಬಿ ಕೂರುವುದಿಲ್ಲ, ಅಲ್ವಾ? 4,000 ಅಂತಿದ್ದದ್ದನ್ನು 3,900ಕ್ಕೆ ಇಳಿಸುತ್ತಾರೆ, ಇಲ್ಲವೇ ಪ್ರೀಮಿಯಂ ಏರಿಸುತ್ತಾರೆ. ಒಪ್ಪಂದಗಳು ಹೆಚ್ಚಾಗಿ ಒಂದೇ ಹಂಗಾಮಿನವು, ಹಾಗಾಗಿ ಪ್ರತಿ ಸಲ ನವೀಕರಿಸುವಾಗ ಬೆಚ್ಚಗಾದಷ್ಟು ಭಾರವೂ ಗ್ಯಾಸ್ ಕಂಪನಿಯ ತಲೆಗೇ ವಾಪಸ್ ಬರುತ್ತದೆ.